ಅಂಚೆಯಲ್ಲಿ ಬಂದ ಬಾದಾಮಿ
ಈ ಬಾರಿಯೂ 3 ಕಿಲೋ ಬಾದಾಮಿ ಮಾವು ಅಂಚೆಯಣ್ಣನ ಕೈಯಲ್ಲೇ ಮನೆಗೆ ಬಂತು. ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮದ ಜಾಲತಾಣದಲ್ಲಿ ಬೆಳೆಗಾರರೇ ಹಣ್ಣು ಮಾರುತ್ತಾರೆ. ನಾವು ಮೊಬೈಲಿನಲ್ಲಿ ಹಣ ಕಟ್ಟಿದರೆ ಸಾಕು, ಅಂಚೆ ಇಲಾಖೆ ಬೆಂಗಳೂರಿನ ಮನೆಗಳಿಗೆ ತಲುಪಿಸುತ್ತದೆ. ನನಗೆ ಹಿಡಿಸಿದ್ದು ಇದೇ: ಹೊಸದಾಗಿ ಗೋದಾಮು ಕಟ್ಟಬೇಕಾಗಲಿಲ್ಲ, ಶತಮಾನ ದಾಟಿದ ಅಂಚೆ ವ್ಯವಸ್ಥೆಗೆ ಇಂಟರ್ನೆಟ್ ಹೊಸ ಕೆಲಸ ಕೊಟ್ಟಿತು. ಮಾವು ಕಾಯುವ ಸರಕಲ್ಲ. ಲಾರಿಯಲ್ಲಿ ಮಂಡಿಗೆ ಬಂದ ಮೇಲೆ ಕೇಳಿದ ಬೆಲೆಗೆ ಕೊಡದೆ ರೈತನಿಗೆ ಬೇರೆ ದಾರಿಯಿರುವುದಿಲ್ಲ. ಇಲ್ಲಿ ಗಿರಾಕಿ ಸಿಕ್ಕ ಮೇಲೆಯೇ ಪೆಟ್ಟಿಗೆ ತೋಟ ಬಿಡುತ್ತದೆ, ನಡುವೆ ದಲ್ಲಾಳಿಯೂ ಇಲ್ಲ. ಎಲ್ಲ ಬೆಳೆಯೂ ಹೀಗೆ ಮಾರಾಟವಾಗದು, ನಿಜ. ಆದರೂ ನಂಜನಗೂಡು ರಸಬಾಳೆಗೆ, ದೇವನಹಳ್ಳಿ ಚಕ್ಕೋತಕ್ಕೆ ಇಂಥದೇ ಏರ್ಪಾಡು ಬರಲಿ. ಮೊದಲ ಗಿರಾಕಿ ನಾನೇ.