ಬಾರದವರ ಡಬ್ಬಿ

10 ಜೂನ್ 2025, ಮಂಗಳವಾರ

ನಾಳೆ ಕಾರ ಹುಣ್ಣಿಮೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಓಪಿಡಿಯಲ್ಲಿ (ಹೊರರೋಗಿ ವಿಭಾಗ) ಜನ ಕಡಿಮೆ. ಎತ್ತು ಇರುವವರು ಮೈ ತೊಳೆಸಲು ಕೆರೆ ಕಡೆ ಹೋಗಿದ್ದಾರೆ. ಇಲ್ಲದವರು ಗೋವಿನಜೋಳ ಬಿತ್ತನೆಯಲ್ಲಿದ್ದಾರೆ. ಹನ್ನೊಂದೂವರೆಗೆಲ್ಲ ಕೊನೆಯ ಚೀಟಿ ಮುಗಿಯಿತು. ಇಂಥ ಬಿಡುವು ಸಿಕ್ಕಿ ಎಷ್ಟು ತಿಂಗಳಾಯಿತೋ. ಹಳೇ ರಿಜಿಸ್ಟರ್ ತರಿಸಿಕೊಂಡು ಕೂತೆ.

ಸುಮ್ನೆ ತರಿಸಿಕೊಂಡಿದ್ದಲ್ಲ. ಹೋದ ವಾರ ನಮ್ಮ ವ್ಯಾಪ್ತಿಯ ಒಂದು ಊರಿನಲ್ಲಿ ಹಮಾಲಿ ಕೆಲಸದ ಒಬ್ಬರಿಗೆ ಲಕ್ವ ಹೊಡೆಯಿತು. ವಯಸ್ಸು 48. ಬಲಗೈ, ಬಲಗಾಲು ಎರಡೂ ಬಿದ್ದಿವೆ, ಮಾತು ತೊದಲುತ್ತದೆ. ದೊಡ್ಡಾಸ್ಪತ್ರೆಗೆ ಕಳಿಸುವಾಗ ಬಿಪಿ 210/120 ಇತ್ತು. ಆಂಬ್ಯುಲೆನ್ಸ್ ಹತ್ತುವಾಗ ಅವರ ಹೆಂಡತಿ ನನ್ನ ಕಡೆ ತಿರುಗಿ, "ಡಿಸೆಂಬರ್‌ನಾಗ ನಿಮ್ಮಲ್ಲೇ ನೋಡಿಸಿದ್ವಿ ಮೇಡಮ್, ಬಿಪಿ ಏನಿಲ್ಲ ಅಂದಿದ್ರಿ" ಅಂದರು. ಜಗಳದ ದನಿಯಲ್ಲ. ಜಗಳ ಆಡಿದ್ದರೇ ಚೆನ್ನಾಗಿತ್ತು.

ಡಿಸೆಂಬರ್ ಪುಟ ಸಿಕ್ಕಿತು. ಅವರ ಹೆಸರಿನ ಮುಂದೆ 130/80. ಅದರ ಮೇಲಿನ ಸಾಲು 120/80. ಕೆಳಗಿನದು 130/80. ಅದರ ಕೆಳಗೆ 120/80, 140/90, 120/80. ಪುಟ ತಿರುವಿದೆ, ಮತ್ತೆ ಅದೇ. ಬೆರಳಿಟ್ಟು ಎಣಿಸುತ್ತಾ ಹೋದೆ. ಎರಡು ಪುಟದಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿಯಲ್ಲಿ ಮುಗಿಯುವ ಬಿಪಿ ಒಂದೇ ಒಂದು.

ಇದು ಆಗದ ಮಾತು. ಪಾದರಸದ ಹಳೇ ಯಂತ್ರದಲ್ಲಿ ಎರಡೆರಡಕ್ಕೆ ಒಂದು ಗೆರೆ ಇರುತ್ತದೆ. ಅಂದರೆ ನಿಜವಾಗಿ ನೋಡಿ ಬರೆದರೆ ಐದರಲ್ಲಿ ಒಂದು ಮಾತ್ರ ಸೊನ್ನೆಗೆ ಬರಬೇಕು. ಡಿಜಿಟಲ್ ಯಂತ್ರವಾದರೆ ಹತ್ತರಲ್ಲಿ ಒಂದು. ದೇವರು ನಮ್ಮ ತಾಲೂಕಿನ ಜನಕ್ಕೆ ಮಾತ್ರ ಸೊನ್ನೆಯ ಬಿಪಿ ಕೊಟ್ಟಿರಲಾರ.

ಸಿಸ್ಟರ್ ಅವರನ್ನು ಕರೆದು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. ಡಿಸೆಂಬರ್‌ನಲ್ಲಿ ಡಿಜಿಟಲ್ ಯಂತ್ರದ ಸೆಲ್ ಮುಗಿದಿತ್ತಂತೆ, ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿದ್ದು ಬಂದಿರಲಿಲ್ಲವಂತೆ. ದಿನಕ್ಕೆ ನೂರು ಚೀಟಿ, ಇರುವವರು ಒಬ್ಬರೇ, ಒಳಗೆ ಹೆರಿಗೆ ಕೇಸು, ಹೊರಗೆ ಚುಚ್ಚುಮದ್ದಿಗೆ ಬಂದ ಕೂಸುಗಳು. ಮುಖ ನೋಡಿ, ನಾಡಿ ಹಿಡಿದು, ಅಂದಾಜಿಗೆ ಬರೆದಿದ್ದಾರೆ. ನಾಲ್ಕು ಸೆಲ್‌ಗೆ ಎಷ್ಟು ದುಡ್ಡು? ನನ್ನನ್ನು ಕೇಳಿದ್ದರೆ ಕೊಡುತ್ತಿದ್ದೆ ಅಂತ ಬಾಯಿಗೆ ಬಂತು, ನುಂಗಿಕೊಂಡೆ. ಯಾಕಂದರೆ ಆ ಎರಡೂ ಪುಟದ ಕೆಳಗೆ ಸಹಿ ನನ್ನದೇ ಇದೆ. ನಾನು ಒಂದು ದಿನವೂ ಆ ಕಾಲಂ ಓದಿರಲಿಲ್ಲ.

ಆಮೇಲೆ ಇಬ್ಬರೂ ಸೇರಿ ಬಿಪಿ ನೋಡುವ ಜಾಗವನ್ನೇ ಬದಲಾಯಿಸಿದೆವು. ಇಷ್ಟು ದಿನ ಸ್ಟೂಲ್ ಮೇಲೆ ಕೂರಿಸಿ, ಅಂಗಿಯ ತೋಳಿನ ಮೇಲೇ ಪಟ್ಟಿ ಸುತ್ತಿ, ಮಾತಾಡಿಸುತ್ತಲೇ ನೋಡುತ್ತಿದ್ದೆವು. ಈಗ ಬೆನ್ನು ಒರಗುವ ಕುರ್ಚಿ ಬಂತು (ನನ್ನ ಕೋಣೆಯದು, ನನಗೆ ಸ್ಟೂಲ್ ಸಾಕು). ಕೈ ಊರಲು ಮೇಜು, ಎದೆಯ ಮಟ್ಟಕ್ಕೆ. ಕಾಲ ಮೇಲೆ ಕಾಲು ಹಾಕುವ ಹಾಗಿಲ್ಲ. ಬಂದ ತಕ್ಷಣ ನೋಡುವ ಹಾಗಿಲ್ಲ, ಐದು ನಿಮಿಷ ಕೂತಿರಬೇಕು. ಮೂತ್ರಕ್ಕೆ ಹೋಗಬೇಕಿದ್ದರೆ ಹೋಗಿ ಬರಲಿ. ನೋಡುವಾಗ ಅವರೂ ಮಾತಾಡಬಾರದು, ನಾವೂ ಮಾತಾಡಬಾರದು. ಇದು ನಮ್ಮ ಸಿಸ್ಟರ್‌ಗೆ ಕಷ್ಟ, ಊರಿನ ಎಲ್ಲರ ಸುದ್ದಿಯೂ ಅವರಿಗೆ ಬೇಕು. ಜಾಸ್ತಿ ಬಂದರೆ ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಬೇಕು. ಬಂದ ಅಂಕಿಯನ್ನು ಬಂದ ಹಾಗೇ ಬರೆಯಬೇಕು, 137 ಅಂದರೆ 137. ಸಂಜೆಯೊಳಗೆ ಒಂದು ಪ್ಯಾಕೆಟ್ ಸೆಲ್ ತಂದು ಡ್ರಾಯರ್‌ನಲ್ಲಿ ಇಟ್ಟಿದ್ದೇನೆ.

ಊಟದ ಹೊತ್ತಿನಲ್ಲಿ ಇನ್ನೊಂದು ಲೆಕ್ಕ ಹಾಕಿದೆ, ಊಟ ರುಚಿಸಲಿಲ್ಲ. ಬಯಲುಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನ ಅಂತ ಲೆಕ್ಕ. ನಮ್ಮಲ್ಲಿ ಹೆಚ್ಚುಕಡಿಮೆ ಅಷ್ಟೇ ಇದ್ದಾರೆ. ಅದರಲ್ಲಿ ದೊಡ್ಡವರು ಇಪ್ಪತ್ತು ಸಾವಿರ ಅಂತ ಹಿಡಿಯೋಣ. 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೊಡ್ಡ ಸಮೀಕ್ಷೆಯ ವರದಿ ಬಂತು. ದೇಶದ ವಯಸ್ಕರಲ್ಲಿ 35.5 ಪರ್ಸೆಂಟ್ ಜನಕ್ಕೆ ಬಿಪಿ ಇದೆ ಅಂತ ಅದರಲ್ಲಿತ್ತು. ಹಳ್ಳಿ ಅಂತ ಸ್ವಲ್ಪ ಕಡಿಮೆ ಹಿಡಿದರೂ ನಮ್ಮಲ್ಲಿ ಆರು ಸಾವಿರ ಜನ ಇರಬೇಕು. ನಮ್ಮ ಡಬ್ಬಿಯಲ್ಲಿ ಇರುವ ಬಿಪಿ ಕಾರ್ಡು ಆರುನೂರು ಚಿಲ್ಲರೆ.

ಡಬ್ಬಿ ಅಂದರೆ ಚಪ್ಪಲಿ ಅಂಗಡಿಯ ಖಾಲಿ ಡಬ್ಬಿ. ತಿಂಗಳಿಗೊಂದು ರಟ್ಟು ಅಡ್ಡ ಇಟ್ಟಿದ್ದೇವೆ. ಯಾರು ಮುಂದೆ ಯಾವ ತಿಂಗಳು ಬರಬೇಕೋ ಅವರ ಕಾರ್ಡು ಆ ಮನೆಯಲ್ಲಿ. ಬಂದರೆ ಕಾರ್ಡು ಮುಂದಿನ ತಿಂಗಳಿಗೆ ಹೋಗುತ್ತದೆ. ಬರದಿದ್ದರೆ ಅಲ್ಲೇ ಉಳಿಯುತ್ತದೆ. ಇವತ್ತು ಮಾರ್ಚ್, ಏಪ್ರಿಲ್, ಮೇ ಮನೆಗಳನ್ನು ಬಗ್ಗಿಸಿ ನೋಡಿದರೆ ಅರ್ಧಕ್ಕೂ ಜಾಸ್ತಿ ಕಾರ್ಡು ಅಲ್ಲೇ ಕೂತಿವೆ. ಇದುವರೆಗೆ ನಾನು ಬಂದವರಿಗೆ ಚೆನ್ನಾಗಿ ನೋಡಿದರೆ ಒಳ್ಳೇ ಡಾಕ್ಟರು ಅಂತ ಅಂದುಕೊಂಡಿದ್ದೆ. ನನ್ನ ಓಪಿಡಿ ಸಾಲು ಉದ್ದ ಇದೆ ಅಂತ ಸ್ವಲ್ಪ ಜಂಬವೂ ಇತ್ತು.

ಎಂಬಿಬಿಎಸ್‌ನಲ್ಲಿ ಸಮುದಾಯ ವೈದ್ಯಕೀಯ ಅಂದರೆ ಮಧ್ಯಾಹ್ನದ ನಿದ್ದೆ ಕ್ಲಾಸು. ಅಲ್ಲಿ ಕೇಳಿದ ಒಂದು ಹೆಸರು ಮಾತ್ರ ನೆನಪಿದೆ, ಜೂಲಿಯನ್ ಟ್ಯೂಡರ್ ಹಾರ್ಟ್. ವೇಲ್ಸ್ ದೇಶದ ಗ್ಲಿನ್‌ಕೊರುಗ್ ಅಂತ ಒಂದು ಕಲ್ಲಿದ್ದಲು ಗಣಿ ಹಳ್ಳಿ, ಅಲ್ಲಿನ ಡಾಕ್ಟರು. 1960ರ ದಶಕದ ಕೊನೆಯಲ್ಲೇ ಊರಿನ ದೊಡ್ಡವರೆಲ್ಲರ ಬಿಪಿ ನೋಡಲು ಹೊರಟವರು. ಬಂದವರದ್ದಲ್ಲ, ಎಲ್ಲರದ್ದು. ಬರದವರನ್ನು ಬಿಡದೆ ಹುಡುಕಿಕೊಂಡು ಹೋದರು. 1971ರಲ್ಲಿ ಅವರು ಬರೆದ ಲೇಖನದ ಸಾರ ಇಷ್ಟು: ಚಿಕಿತ್ಸೆ ಯಾರಿಗೆ ಜಾಸ್ತಿ ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ. ಇಪ್ಪತ್ತೈದು ವರ್ಷದ ಕೆಲಸ ಆದ ಮೇಲೆ, 65 ತುಂಬುವ ಮುಂಚಿನ ಸಾವು ಅವರ ಊರಲ್ಲಿ ಪಕ್ಕದ ಅಂಥದೇ ಊರಿಗಿಂತ 28 ಪರ್ಸೆಂಟ್ ಕಡಿಮೆ ಇತ್ತು. ಅವರ ಹತ್ತಿರ ಇದ್ದದ್ದು ಬಿಪಿ ಯಂತ್ರ, ಕಾರ್ಡು, ಹಟ. ಊರಿನ ಜನಸಂಖ್ಯೆ ಎರಡು ಸಾವಿರ ಮಾತ್ರ, ಅದೂ ನಿಜ. ಅವರಿಗಿಂತ ಹದಿನೈದು ಪಟ್ಟು ಜನ ನನಗಿದ್ದಾರೆ ಅಂತ ನೆಪ ಹೇಳಬಹುದು. ಆದರೆ ನನಗೆ ಆಶಾ ಅಕ್ಕಂದಿರಿದ್ದಾರೆ, ಉಪಕೇಂದ್ರದಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಇದ್ದಾರೆ. ಹಾರ್ಟ್ ಅವರಿಗೆ ಅದು ಇರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಹನ್ನೆರಡು ಕಾರ್ಡು ಹಿಡಿದು ಆಶಾ ಅಕ್ಕನ ಜೊತೆ ಹೊರಟೆ. ಜನವರಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿ ಬಂದವರು ಇವರು. ಈಗ ಮನೆಮನೆಗೆ ಹೋಗಿ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆಯ ಪಟ್ಟಿಯೂ ಇವರ ಕೈಯಲ್ಲೇ. 30 ದಾಟಿದವರನ್ನೆಲ್ಲ ತಪಾಸಣೆ ಮಾಡಿ ಅಂತ ಗುರಿ ಬರುತ್ತದೆ, ಎಷ್ಟು ಮಂದಿಗೆ ಮಾಡಿದಿರಿ ಅಂತ ವಾರ ವಾರ ಕೇಳುತ್ತಾರೆ. ಮಾತ್ರೆ ಶುರು ಮಾಡಿದವರಲ್ಲಿ ಎಷ್ಟು ಜನರ ಬಿಪಿ 140/90ಕ್ಕಿಂತ ಕೆಳಗೆ ಇಳಿಯಿತು ಅಂತ ಮಾತ್ರ ನನ್ನನ್ನು ಯಾರೂ ಮೀಟಿಂಗ್‌ನಲ್ಲಿ ಕೇಳಿಲ್ಲ. ತಪಾಸಣೆಗೆ ಫೋಟೊ ಬರುತ್ತದೆ, ಅಜ್ಜಿ ದಿನಾ ಮಾತ್ರೆ ನುಂಗುವುದಕ್ಕೆ ಯಾವ ಫೋಟೊ?

ಮೊದಲ ಮನೆಯ ಅಜ್ಜಿ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು.

"ಯಾಕಜ್ಜಿ ಬರಲಿಲ್ಲ?"

"ಹತ್ತು ದಿನಕ್ಕೆ ಗುಳಿಗೆ ಕೊಡ್ತೀರಿ. ಮತ್ತ ಬಸ್ಸಿಗೆ ದುಡ್ಡು, ಒಂದು ದಿನದ ಕೂಲಿ ಹಾಳು. ಕೂಲಿಗೆ ಹೋಗ್ಲೋ, ಗುಳಿಗೆಗೆ ಬರ್ಲೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತು ದಿನಕ್ಕೆ ಕೊಡಿ ಅಂತ ಯಾವ ನಿಯಮವೂ ಇಲ್ಲ. ಸ್ಟಾಕ್ ಮುಗಿದೀತು ಅನ್ನುವ ಭಯಕ್ಕೆ ನಾವೇ ಮಾಡಿಕೊಂಡ ರೂಢಿ ಅದು. ಬಿಪಿಗೆ ಕೊಡುವ ಅಮ್ಲೋಡಿಪಿನ್ 5 ಮಿಲಿಗ್ರಾಂ ಮಾತ್ರೆ ತುಂಬಾ ಅಗ್ಗದ್ದು. ಫಾರ್ಮಸಿಸ್ಟ್‌ಗೆ ಅಲ್ಲಿಂದಲೇ ಫೋನ್ ಮಾಡಿದೆ. ನಾಳೆಯಿಂದ ಬಿಪಿಗೆ 30 ದಿನದ ಮಾತ್ರೆ, ಅದೂ ಉಪಕೇಂದ್ರದಲ್ಲೇ. ಅವರು ಸ್ವಲ್ಪ ಗೊಣಗಿದರು, ಇಂಡೆಂಟ್ ಮೂರು ಪಟ್ಟು ಹಾಕಬೇಕಲ್ಲ ಅಂತ. ಹಾಕಿ ಅಂದೆ.

ಎರಡು ಮನೆಗೆ ಬೀಗ. ಒಬ್ಬರು ಮಗಳ ಊರಿಗೆ ಹೋಗಿದ್ದಾರೆ. ಒಬ್ಬರು ತೀರಿಕೊಂಡು ಎರಡು ತಿಂಗಳಾಗಿದೆ, ಕಾರ್ಡು ಮಾತ್ರ ನಮ್ಮ ಡಬ್ಬಿಯಲ್ಲಿ ಅವರಿಗಾಗಿ ಕಾಯುತ್ತಿತ್ತು. ಕಿರಾಣಿ ಅಂಗಡಿಯವರು ನಗುತ್ತಾ, "ಬಿಪಿ ಸರಿ ಆತು ಅಂತ ನೀವೇ ಅಂದ್ರಿ, ಅದಕ್ಕೇ ಬಿಟ್ಟೆ" ಅಂದರು. ಮಾತ್ರೆ ತಗೊಂಡಿದ್ದಕ್ಕೆ ಸರಿ ಆಗಿದ್ದು ಅಂತ ನಾನು ಅವತ್ತು ಹೇಳಿರಲಿಲ್ಲ, ಸರಿ ಇದೆ ಅಂದಿದ್ದೆ ಅಷ್ಟೇ. ಉಪ್ಪು ಕಡಿಮೆ ಮಾಡಿ ಅಂತ ಹೇಳಲು ಬಾಯಿ ತೆರೆದೆ. ಅವರ ಗಲ್ಲಾದ ಪಕ್ಕದಲ್ಲೇ ಉಪ್ಪಿನಕಾಯಿ ಭರಣಿ, ಹಪ್ಪಳದ ಕಟ್ಟು, ಕುರುಕಲು ಪ್ಯಾಕೆಟ್ ಮಾಲೆ. ಇಬ್ಬರಿಗೂ ನಗು ಬಂತು.

ಕೊನೆಗೆ ಆ ಹಮಾಲರ ಮನೆಗೆ ಹೋದೆವು. ಅವರದ್ದು ಕಾರ್ಡು ಇರಲೇ ಇಲ್ಲ, 130/80 ಬರೆದ ಮೇಲೆ ಕಾರ್ಡು ಯಾಕೆ ಮಾಡುತ್ತಾರೆ. ಆಸ್ಪತ್ರೆಯಿಂದ ನಿನ್ನೆ ಕರೆದುಕೊಂಡು ಬಂದಿದ್ದಾರೆ. ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಸೆಲ್ ಮುಗಿದ ವಿಷಯ ಅವರ ಹೆಂಡತಿಗೆ ಹೇಳಿದೆ. ಹೇಗೆ ಹೇಳಿದೆನೋ ಗೊತ್ತಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಾ ಕುಡೀತೀರಾ?" ಅಂದರು.

ಚಾ ಬರುವಷ್ಟರಲ್ಲಿ ಆಶಾ ಅಕ್ಕ ನನ್ನ ಕಿವಿಯಲ್ಲಿ, ಇವರ ಹೆಂಡತಿಯ ಬಿಪಿ ಯಾವತ್ತೂ ನೋಡೇ ಇಲ್ಲ ಮೇಡಮ್ ಅಂದರು. ಕೂರಿಸಿ, ಐದು ನಿಮಿಷ ಕಾದು, ನೋಡಿದೆ. 163/97. ಎರಡನೇ ಸಲ 158/96. ನಾಳೆ ಉಪಕೇಂದ್ರಕ್ಕೆ ಬನ್ನಿ, ಇನ್ನೊಂದು ಸಲ ನೋಡಿ ಮಾತ್ರೆ ಶುರು ಮಾಡೋಣ ಅಂದೆ.

"ನಾಳೆ ಹಬ್ಬ. ನಾಡಿದ್ದು ಬರ್ತೀನಿ."

ವಾಪಸ್ ಬಂದು ಹೊಸ ಕಾರ್ಡು ಬರೆದೆ. ಮುಂದಿನ ಭೇಟಿ 12 ಜೂನ್, ಗುರುವಾರ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ, ಬರದಿದ್ದರೆ ಶುಕ್ರವಾರ ಬೆಳಿಗ್ಗೆ ಮನೆಗೆ ಹೋಗುವುದು ಅಂತ.