ಮಳೆಗಾಲದಲ್ಲಿ ಪುಸ್ತಕದ ಕಪಾಟು

ಆಷಾಢದ ಮಳೆ ಹಿಡಿದುಕೊಂಡಿತೆಂದರೆ ಮೂಡಿಗೆರೆ, ಸಕಲೇಶಪುರದ ಕಡೆ ಓದುವುದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಆದರೆ ಓದೋಣವೆಂದು ತೆಗೆದ ಪುಸ್ತಕದ ಬೆನ್ನಿನ ಮೇಲೆ ಆಗಲೇ ಬೂದುಹಸಿರು ಬೂಷ್ಟು. ಕಡೂರು, ಅರಸೀಕೆರೆಯವರಿಗೆ ಈ ಕಾಟ ಇಷ್ಟಿಲ್ಲ, ಅಲ್ಲಿ ದೂಳನ್ನು ಒರೆಸಿಕೊಂಡರೆ ಮುಗಿಯಿತು.

ಬೂಷ್ಟಿಗೆ ಬೇಕಾಗುವುದು ತೇವ ಮತ್ತು ಆಡದೆ ನಿಂತ ಗಾಳಿ. ಗಾಳಿಯ ತೇವಾಂಶ ಶೇ. 65–70 ದಾಟಿ ಹಾಗೇ ದಿನಗಟ್ಟಲೆ ನಿಂತರೆ ಕಾಗದ, ರಟ್ಟು, ಬೈಂಡಿಂಗಿನ ಅಂಟು ಎಲ್ಲವೂ ಅದಕ್ಕೆ ಊಟವೇ. ನುಸಿಗುಳಿಗೆಯನ್ನು ನಂಬಬೇಡಿ. ಅದು ಹುಳುವನ್ನು ದೂರವಿಡಬಹುದು, ಬೂಷ್ಟನ್ನಲ್ಲ.

ಕಾಫಿ ಮೂಟೆಯನ್ನು ಯಾರೂ ನೆಲಕ್ಕೆ, ಗೋಡೆಗೆ ತಾಗಿಸಿ ಇಡುವುದಿಲ್ಲ. ಹಲಗೆ ಹಾಕಿ, ಗೋಡೆಯಿಂದ ದೂರಕ್ಕೆ ಪೇರಿಸುತ್ತೇವೆ. ಪುಸ್ತಕಕ್ಕೂ ಅದೇ ಮರ್ಯಾದೆ ಸಲ್ಲಬೇಕು. ಕಪಾಟು ಮಳೆ ಬಡಿಯುವ ಹೊರಗೋಡೆಗೆ ಬೇಡ, ಒಳಗೋಡೆಯ ಕಡೆಗಿರಲಿ, ಹಿಂದೆ ಮೂರು ಬೆರಳಷ್ಟಾದರೂ ಸಂದು ಬಿಡಿ. ಕೆಳಗಿನ ಅರೆ ನೆಲದಿಂದ ಅರ್ಧ ಅಡಿ ಮೇಲಿರಲಿ. ಒಂದು ಬೆರಳು ತೂರದಷ್ಟು ಒತ್ತಾಗಿ ತುಂಬಿದರೆ ಗಾಳಿಯಾಡುವುದಿಲ್ಲ, ಎಳೆಯುವಾಗ ಬೆನ್ನೂ ಹರಿಯುತ್ತದೆ. ಅಪರೂಪದ ಪ್ರತಿಗಳನ್ನು ಬೇಸಿಗೆಯ ಒಣಹವೆಯಲ್ಲೇ ಬಿಗಿ ಮುಚ್ಚಳದ ಡಬ್ಬಿಗೆ ಸೇರಿಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಜುಲೈನಲ್ಲಿ ತುಂಬಿದರೆ ಪುಸ್ತಕದ ಜೊತೆ ತೇವವನ್ನೂ ಬೀಗ ಹಾಕಿದಂತೆ.

ಬೂಷ್ಟು ಬಂದೇಬಿಟ್ಟಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ. ಒರೆಸಿದಷ್ಟೂ ಅದು ರಟ್ಟಿಗೆ ಹೊದಿಸಿದ ಬಟ್ಟೆಯ ನೂಲಿನೊಳಕ್ಕೆ ಇಳಿಯುತ್ತದೆ. ಮೊದಲು ಪುಸ್ತಕವನ್ನು ಬೇರೆ ಇಟ್ಟು, ನೆರಳಲ್ಲಿ ಫ್ಯಾನಿನ ಗಾಳಿಗೆ ಒಣಗಿಸಬೇಕು. ಕಡು ಬಿಸಿಲಿಗಿಟ್ಟರೆ ರಟ್ಟು ಸೊಟ್ಟಗಾಗಿ ಕಾಗದ ಹಳದಿಯಾಗುತ್ತದೆ. ಬೂಷ್ಟು ಪುಡಿಯಾದ ಮೇಲೆ ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಜಗಲಿಯಾಚೆ ನಿಂತು, ಮೆತ್ತನೆಯ ಬ್ರಷ್ಷಿನಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಝಾಡಿಸಿ. ಸೋರಿದ ನೀರಿನಲ್ಲಿ ನೆನೆದ ಪುಸ್ತಕವಾದರೆ ಇಪ್ಪತ್ತು ಹಾಳೆಗೊಂದರಂತೆ ಬಿಳಿ ಕಾಗದ ಇಟ್ಟು, ಅದು ನೆನೆದಂತೆಲ್ಲ ಬದಲಿಸುತ್ತಿರಿ. ಎರಡು ದಿನ ಮೀರಿದರೆ ಬೂಷ್ಟು ಶುರು. ಹೊಳಪಿನ ಕಾಗದದ ಚಿತ್ರಪುಸ್ತಕಗಳ ವಿಷಯದಲ್ಲಿ ಅಷ್ಟೂ ಸಮಯವಿಲ್ಲ. ಹಾಳೆ ಹಾಳೆಗೆ ಅಂಟಿ ಒಣಗಿತೆಂದರೆ ಬಿಡಿಸಲಾಗುವುದಿಲ್ಲ.

ಒಳ್ಳೆಯ ಓದುಗರೇ ಪ್ರೀತಿಯಿಂದ ಮಾಡುವ ಹಾನಿಯೂ ಒಂದಿದೆ. ಪತ್ರಿಕೆಯಲ್ಲಿ ಬಂದ ವಿಮರ್ಶೆಯನ್ನು ಕತ್ತರಿಸಿ ಆ ಪುಸ್ತಕದೊಳಗೇ ಇಡುವುದು. ನ್ಯೂಸ್‌ಪ್ರಿಂಟಿನಲ್ಲಿ ಆಮ್ಲ ಹೆಚ್ಚು, ಕೆಲವು ವರ್ಷಗಳಲ್ಲಿ ಎದುರುಬದುರಿನ ಎರಡೂ ಪುಟಗಳ ಮೇಲೆ ಆ ತುಣುಕಿನ ಅಳತೆಗೇ ಕಂದು ಚೌಕ ಮೂಡುತ್ತದೆ. ವಿಮರ್ಶೆಗಳಿಗೆ ಬೇರೆ ಲಕೋಟೆ ಇರಲಿ. ನಿಮ್ಮ ಟಿಪ್ಪಣಿಯನ್ನು ಒಳ್ಳೆಯ ಬಿಳಿ ಕಾಗದದ ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದಿಡಿ, ತೇವ ತಗುಲಿದರೂ ಇಂಕಿನಂತೆ ಹರಡುವುದಿಲ್ಲ.

ಇಷ್ಟೆಲ್ಲಕ್ಕಿಂತ ಕೆಲಸಕ್ಕೆ ಬರುವುದು ವಾರಕ್ಕೊಂದು ಅರೆಯ ಪುಸ್ತಕಗಳನ್ನು ಕೆಳಗಿಳಿಸಿ, ಹಾಳೆಗಳನ್ನು ಹೆಬ್ಬೆರಳಿನಿಂದ ಫರ್ರನೆ ಬಿಟ್ಟು ಗಾಳಿಯಾಡಿಸುವುದು. ಅರ್ಧ ಗಂಟೆಯ ಕೆಲಸ ಎರಡು ಗಂಟೆಯಾಗುತ್ತದೆ, ಏಕೆಂದರೆ ಹತ್ತು ವರ್ಷದ ಹಿಂದೆ ಓದಿದ ಕಾದಂಬರಿಯ ಯಾವುದೋ ಪುಟದಲ್ಲಿ ಕಣ್ಣು ನಿಲ್ಲುತ್ತದೆ. ಆಗ ಉಳಿದವನ್ನು ಮೇಜಿನ ಮೇಲೇ ಬಿಟ್ಟು ಕೂತು ಓದಿ. ಅವಕ್ಕೂ ಅಷ್ಟು ಹೊತ್ತು ಗಾಳಿ ಸಿಗುತ್ತದೆ.