ಬೀಡಿ ಕಟ್ಟಿದ ದುಡ್ಡು, ಬೀಡಿ ಸೇದಿದ ಕಾಲು

ನಮ್ಮ ಮೆಡಿಕಲ್ ಶಾಪಿಗೆ ಸಿಲೋಸ್ಟಜೋಲ್ ಮಾತ್ರೆಗೆ, ಅಂದರೆ ಕಾಲಿಗೆ ರಕ್ತ ಸರಿಯಾಗಿ ಹರಿಯಲು ಕೊಡುವ ಮಾತ್ರೆಗೆ, ಬರುವವರಲ್ಲಿ ಎರಡು ಥರ. ಹೆಚ್ಚಿನವರು ಅರುವತ್ತು ದಾಟಿದವರು. ಚೀಟಿಯಲ್ಲಿ ಶುಗರ್ ಮಾತ್ರೆಯೂ ಇರುತ್ತದೆ. ಉಳಿದವರು ಮೂವತ್ತೈದು, ನಲವತ್ತರ ಗಂಡಸರು. ಶುಗರ್ ಇಲ್ಲ, ಅಂಗಿ ಜೇಬಲ್ಲಿ ಬೀಡಿ ಕಟ್ಟು ಇದೆ. ಮೊನ್ನೆ ಬಂದ ಅಣ್ಣ ಚಪ್ಪಲಿ ಕಳಚಿ ತೋರಿಸಿದರು. ಹೆಬ್ಬೆರಳಿನ ತುದಿ ಸುಟ್ಟ ಬದನೆಯ ಹಾಗೆ ಕಪ್ಪಾಗಿತ್ತು. ರಾತ್ರಿ ಮಂಚದಿಂದ ಕಾಲು ಇಳಿಬಿಟ್ಟು ಕೂತರೆ ಮಾತ್ರ ನೋವು ಸ್ವಲ್ಪ ತಗ್ಗುತ್ತದಂತೆ.

ಚೀಟಿಯಲ್ಲಿ ಬ್ಯುರ್ಗರ್ ಕಾಯಿಲೆ ಅಂತ ಬರೆದಿತ್ತು. ಇದು ಕೊಬ್ಬು ಕಟ್ಟಿ ಆಗುವ ಬ್ಲಾಕ್ ಅಲ್ಲ. ಕೈಕಾಲಿನ ಸಣ್ಣ ರಕ್ತನಾಳಗಳು ಬಾತು, ಒಳಗೆ ರಕ್ತ ಹೆಪ್ಪುಗಟ್ಟುತ್ತದೆ. 1908ರಲ್ಲಿ ನ್ಯೂಯಾರ್ಕಿನ ಲಿಯೊ ಬ್ಯುರ್ಗರ್ ಇದನ್ನು ವಿವರವಾಗಿ ಬರೆದರು. ಅವರು ನೋಡಿದ ರೋಗಿಗಳಲ್ಲಿ ಯೆಹೂದಿಗಳೇ ಜಾಸ್ತಿ. ಹಾಗಾಗಿ ಬಹಳ ಕಾಲ ಅದು ಆ ಜನಾಂಗದ ರೋಗ ಅಂತಲೇ ನಂಬಿದ್ದರು. ಆಮೇಲೆ ನೋಡಿದರೆ ಜಪಾನ್, ಕೊರಿಯಾ, ಟರ್ಕಿ, ಇಂಡಿಯಾ, ಎಲ್ಲ ಕಡೆಯೂ ಇದೆ!

ಕಾಲಿನ ರಕ್ತನಾಳ ಕಟ್ಟಿದವರಲ್ಲಿ ಇದರ ಪಾಲು ಪಶ್ಚಿಮ ಯುರೋಪಿನಲ್ಲಿ ಶೇ. 0.5ರಿಂದ 5.6, ಇಂಡಿಯಾದಲ್ಲಿ ಶೇ. 45ರಿಂದ 63 ಅಂತ ವೈದ್ಯಕೀಯ ಲೇಖನಗಳು ಹೇಳುತ್ತವೆ. ಇದು ಆಸ್ಪತ್ರೆ ಮೆಟ್ಟಿಲು ಹತ್ತಿದವರ ಲೆಕ್ಕ, ಊರಿನದ್ದಲ್ಲ. ಆದರೂ ಅಂತರ ಸಣ್ಣದಲ್ಲ. ನಮ್ಮವರ ರಕ್ತವೇ ಹಾಗೆ ಅನ್ನುವವರಿದ್ದಾರೆ. ಆದರೆ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ 1947ರಲ್ಲಿ ಲಕ್ಷ ರೋಗಿಗಳಿಗೆ ಈ ಕಾಯಿಲೆಯವರು 104 ಜನ ಇದ್ದದ್ದು 1986ಕ್ಕೆ 12.6ಕ್ಕೆ ಇಳಿಯಿತು. ನಲವತ್ತು ವರ್ಷದೊಳಗೆ ರಕ್ತ ಬದಲಾಗುತ್ತದಾ? ರೋಗ ಗುರುತಿಸುವ ನಿಯಮ ಬಿಗಿಯಾಯಿತು ನಿಜ, ಸೇದುವವರೂ ಕಡಿಮೆಯಾದರು. ಹುಟ್ಟುಗುಣದ ಪಾಲು ಸ್ವಲ್ಪ ಇರಬಹುದು, ಆದರೆ ಹೊಗೆಸೊಪ್ಪು ಇಲ್ಲದೆ ಈ ಕಾಯಿಲೆ ಇಲ್ಲ ಅಂತಲೇ ಹೇಳಬೇಕು.

ನಮ್ಮ ಉಪ್ಪಳ, ಮಂಜೇಶ್ವರದ ಕಡೆ ಮಡಿಲಲ್ಲಿ ತಡ್ಪೆ (ಮೊರ) ಇಟ್ಟು ಬೀಡಿ ಕಟ್ಟಿದ ಅಮ್ಮಂದಿರು ಎಷ್ಟು ಜನ! ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬರುವುದು. ನನ್ನ ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಫೀಸು ಕಟ್ಟಿದ್ದೂ ಅಮ್ಮನ ಆ ದುಡ್ಡಲ್ಲೇ. ಬೀಡಿಯನ್ನು ಬಯ್ಯಲು ಹೊರಟರೆ ನನಗೆ ಇದೊಂದು ಅಡ್ಡ ಬರುತ್ತದೆ.

"ಅಕ್ಕಾ, ಫಿಲ್ಟರ್ ಸಿಗರೇಟ್ ಆದ್ರೆ ಆಗಬಹುದಲ್ವಾ?" ಅಂತ ಕೇಳಿದರು ಆ ಅಣ್ಣ.

"ಆಗುವುದಿಲ್ಲ. ದಿನಕ್ಕೆ ಒಂದೆರಡು ಕೂಡ ಬೇಡ. ಎಲೆಅಡಿಕೆಗೆ ಹಾಕುವ ಹೊಗೆಸೊಪ್ಪೂ ಬೇಡ."

ಪೂರ್ತಿ ಬಿಟ್ಟವರಲ್ಲಿ ಬೆರಳು, ಕಾಲು ಕತ್ತರಿಸಬೇಕಾಗುವುದು ತೀರಾ ಕಡಿಮೆ. ಬಿಡದವರಿಗೆ ಮಾತ್ರೆ ಸುಮ್ನೆ ಖರ್ಚು. ಆ ಅಣ್ಣ ಕಪಾಟಿನಲ್ಲಿದ್ದ, ಸೇದುವುದು ಬಿಡಲು ಜಗಿಯುವ ನಿಕೊಟಿನ್ ಚೂಯಿಂಗ್ ಗಮ್ ತೋರಿಸಿದರು. ಅದನ್ನೂ ಕೊಡಲಿಲ್ಲ. ಹೊಗೆ ಇಲ್ಲದೆ, ಹೊಗೆಸೊಪ್ಪಿನಲ್ಲಿರುವ ಈ ನಿಕೊಟಿನ್ ಒಂದೇ ಒಳಗೆ ಹೋದರೂ ಕಾಯಿಲೆ ಆರದೆ ಉಳಿಯಬಹುದು. ಡಾಕ್ಟರ ಹತ್ತಿರ ಕೇಳಿಕೊಂಡು ಬನ್ನಿ ಅಂತ ಕಳಿಸಿದೆ.